ನಿದ್ದೆ ಮಾಡದ ಗೇಟು

ಸರ್ ಎಂ. ವಿಶ್ವೇಶ್ವರಯ್ಯ 1861ರಲ್ಲಿ ಮುದ್ದೇನಹಳ್ಳಿಯಲ್ಲಿ ಹುಟ್ಟಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, 1884ರಲ್ಲಿ ಬಾಂಬೆ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು. ಆಗ ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ಕೂಡ ಅದೇ ಪ್ರಾಂತ್ಯದಲ್ಲಿದ್ದವು.

ಪುಣೆ ಹತ್ತಿರದ ಖಡಕ್‌ವಾಸ್ಲಾ ಅಣೆಕಟ್ಟಿನಲ್ಲಿ ಮಳೆಗಾಲದ ನೀರು ಕೋಡಿ ಹರಿದು ಹೋಗ್ತಿತ್ತು. ಕೋಡಿ ಮೇಲೆ ಗೇಟು ಹಾಕಿದ್ರೆ ನೀರು ಉಳಿಯುತ್ತೆ. ಆದ್ರೆ ಪ್ರವಾಹ ಬಂದಾಗ ಸಮಯಕ್ಕೆ ಎತ್ತದಿದ್ರೆ ಅಣೆಕಟ್ಟಿಗೇ ಅಪಾಯ. ನಮ್ಮ ಘಟ್ಟದ ಆಷಾಢದ ರಾತ್ರಿ ನೆನಪಿಸಿಕೊಳ್ಳಿ: ಜಡಿಮಳೆ, ಗಾಳಿ, ಕತ್ತಲೆ. ಅಂಥದ್ರಲ್ಲಿ ಒಬ್ಬ ಮನುಷ್ಯ ಎಚ್ಚರ ಇದ್ದು, ನೀರು ಅಳೆದು, ಗೇಟು ಎತ್ತಬೇಕು.

ವಿಶ್ವೇಶ್ವರಯ್ಯ ಆ ಕೆಲಸವನ್ನ ನೀರಿಗೇ ಒಪ್ಪಿಸಿದ್ರು. ಮಟ್ಟ ಮಿತಿ ದಾಟಿದ್ರೆ ಗೇಟು ತಾನೇ ತೆರೆಯುತ್ತೆ, ಇಳಿದ್ರೆ ತಾನೇ ಮುಚ್ಚುತ್ತೆ. 1903ರಲ್ಲಿ ಖಡಕ್‌ವಾಸ್ಲಾದಲ್ಲಿ ಶುರುವಾದ ಈ ಗೇಟು ಮುಂದೆ ಕೆಆರ್‌ಎಸ್‌ಗೂ ಬಂತು.

1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು, 1955ರಲ್ಲಿ ಭಾರತರತ್ನ ಬಂತು, 1962ರಲ್ಲಿ ತೀರಿಕೊಂಡರು.

ಆಪರೇಟರ್ ದಣಿಯುತ್ತಾನೆ, ತಪ್ಪುತ್ತಾನೆ ಅಂತ ಮೊದಲೇ ಲೆಕ್ಕ ಹಾಕೋದನ್ನ ನಾವೀಗ ಹ್ಯೂಮನ್ ಫ್ಯಾಕ್ಟರ್ಸ್ ಅಂತೀವಿ. ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ಆಪರೇಟರ್ ಗಮನಿಸಿಕೊಳ್ಳುತ್ತಾನೆ ಅಂತ ಬರೆಯೋ ಮುಂಚೆ, ಮಳೆಯ ಆ ರಾತ್ರಿಯಲ್ಲೂ ಅವನಿಗೆ ಅದು ಸಾಧ್ಯವಾ ಅಂತ ಒಮ್ಮೆ ಕೇಳಿಕೊಳ್ಳೋಣ.