ಗಣಿತವೂ ಗಗನವೂ: ವೆಂಕಟೇಶ ಬಾಪೂಜಿ ಕೇತಕರ

ಸಂಕಷ್ಟಿಯ ರಾತ್ರಿ ನಾವು ಖಾಪರಖೇಡಾದ ಅಂಗಳದಲ್ಲಿ ನಿಂತು, ವಿದ್ಯುತ್ ಸ್ಥಾವರದ ಚಿಮಣಿಗಳ ಆಚೆ ಚಂದ್ರನನ್ನು ನಿರೀಕ್ಷಿಸುತ್ತೇವೆ. ವಿಜಾಪುರದ ವೇಳೆಯನ್ನು ಕೊಟ್ಟಿರುವ ಪಂಚಾಂಗವು ಕೈಯಲ್ಲಿದ್ದರೆ, ಅದು ಹೇಳಿದುದಕ್ಕಿಂತ ಮೊದಲೇ ಚಂದ್ರೋದಯವಾಗುತ್ತದೆ. ಪಂಚಾಂಗವೇ ತಪ್ಪೆಂದು ದೂರುವುದು ಸುಲಭ. ಆದರೆ ನಮ್ಮ ಊರು ವಿಜಾಪುರಕ್ಕಿಂತ ಸುಮಾರು 3½ ಡಿಗ್ರಿ ಪೂರ್ವಕ್ಕಿದೆ. ಡಿಗ್ರಿಗೆ 4 ನಿಮಿಷದಂತೆ ಅಷ್ಟರಿಂದಲೇ 14 ನಿಮಿಷದ ಅಂತರವು ಬರುತ್ತದೆ. ಯಾವ ವ್ಯತ್ಯಾಸಕ್ಕೆ ಕಾರಣವುಂಟು, ಯಾವುದು ನಿಜವಾದ ದೋಷ ಎಂಬುದನ್ನು ಹೀಗೆ ವಿವೇಚಿಸುವುದರಲ್ಲಿಯೇ ಆಯುಷ್ಯವನ್ನು ಸವೆಸಿದವರು ವೆಂಕಟೇಶ ಬಾಪೂಜಿ ಕೇತಕರರು.

ಅವರು 1854ರಲ್ಲಿ ನರಗುಂದದಲ್ಲಿ ಜನಿಸಿದರು. ಶಿಕ್ಷಕ ವೃತ್ತಿಯನ್ನು ಕೈಕೊಂಡು, ಅದರ ಜೊತೆಯಲ್ಲಿಯೇ ಗ್ರಹಗಣಿತದ ವ್ಯಾಸಂಗವನ್ನು ನಡೆಸಿದರು. ಆಗ ಆ ಸೀಮೆಯ ಅನೇಕ ಪಂಚಾಂಗಗಳಿಗೆ ಗಣೇಶ ದೈವಜ್ಞನು 1520ರ ಸುಮಾರಿಗೆ ರಚಿಸಿದ ಗ್ರಹಲಾಘವವೇ ಆಧಾರವಾಗಿದ್ದಿತು. ಅತ್ಯಲ್ಪ ದೋಷವೂ ವರ್ಷದಿಂದ ವರ್ಷಕ್ಕೆ ಕೂಡುತ್ತ ಹೋದರೆ, ಶತಮಾನಗಳ ತರುವಾಯ ಗ್ರಹವು ಲೆಕ್ಕದ ಸ್ಥಾನವನ್ನು ಬಿಟ್ಟು ಬೇರೆಡೆ ಕಾಣುವುದು. ಕೇತಕರರು ಪಾಶ್ಚಾತ್ಯ ಖಗೋಲಜ್ಞರ ನವೀನ ಮಾನಗಳನ್ನು ಸ್ವೀಕರಿಸಿ, ಜ್ಯೋತಿರ್ಗಣಿತ, ಕೇತಕೀ ಗ್ರಹಗಣಿತ ಎಂಬ ಸಂಸ್ಕೃತ ಗ್ರಂಥಗಳನ್ನು ಬರೆದು, ಕಣ್ಣಿಗೆ ಕಾಣುವ ಆಕಾಶದೊಡನೆ ಹೊಂದುವ ಗಣಿತವನ್ನು ಪಂಚಾಂಗಕರ್ತರ ಕೈಗಿತ್ತರು.

1911ರಲ್ಲಿ ಅವರು ಫ್ರಾನ್ಸಿನ ಖಗೋಲ ಸಂಘದ ಪತ್ರಿಕೆಯಲ್ಲಿ, ನೆಪ್ಚೂನಿನಾಚೆ ಇನ್ನೂ ಎರಡು ಗ್ರಹಗಳಿರಬೇಕೆಂದು ಪ್ರತಿಪಾದಿಸಿದರು. ಗುರುವಿನ ಉಪಗ್ರಹಗಳ ಚಲನೆಯಲ್ಲಿ ಲಾಪ್ಲಾಸನು ಕಂಡ ನಿಯಮವೇ ಇದಕ್ಕೆ ಆಧಾರ. ಮೊದಲನೆಯದಕ್ಕೆ ಬ್ರಹ್ಮನೆಂದು ಹೆಸರಿಟ್ಟು, ಅದರ ದೂರವು ಭೂಮಿ-ಸೂರ್ಯರ ಅಂತರದ ಸುಮಾರು 39 ಪಟ್ಟು, ಪರಿಭ್ರಮಣ ಕಾಲವು ಸುಮಾರು 242 ವರ್ಷ ಎಂದು ಗಣಿಸಿದರು. 1930ರ ಫೆಬ್ರುವರಿಯಲ್ಲಿ ಅಮೇರಿಕೆಯಲ್ಲಿ ಟಾಂಬೋ ಎಂಬ ತರುಣನು ಪ್ಲೂಟೋವನ್ನು ಕಂಡುಹಿಡಿದನು. ಅದರ ಸರಾಸರಿ ದೂರ 39.5 ಪಟ್ಟು, ಕಾಲ 248 ವರ್ಷ! ಅದೇ ವರ್ಷದ ಆಗಸ್ಟಿನಲ್ಲಿ ಕೇತಕರರು ವಿಜಾಪುರದಲ್ಲಿ ದಿವಂಗತರಾದರು.

ಹಾಗಾದರೆ ಅವರ ನಿಯಮವು ಸಿದ್ಧವಾಯಿತೇ? ಇಲ್ಲ. ವಿಷ್ಣುವೆಂದು ಅವರು ಕರೆದ ಎರಡನೆಯ ಗ್ರಹವು ದೊರೆಯಲೇ ಇಲ್ಲ. ಪ್ಲೂಟೋ ಚಂದ್ರನಿಗಿಂತಲೂ ಚಿಕ್ಕದೆಂದು ತಿಳಿದುಬಂದಿತು. 2006ರಲ್ಲಿ ಅದನ್ನು ಕುಬ್ಜ ಗ್ರಹಗಳ ಸಾಲಿಗೆ ಸೇರಿಸಿದರು. ಎರಡು ಅಂಕೆಗಳು ಹೊಂದಿದ ಮಾತ್ರಕ್ಕೆ ಸೂತ್ರವು ಸತ್ಯವಾಗದು. ಹೊಂದದ ಕಡೆಯಲ್ಲಿಯೂ ಅದನ್ನು ಪರೀಕ್ಷಿಸಬೇಕು. ನಮ್ಮವರೆಂಬ ಅಭಿಮಾನಕ್ಕಾಗಿ ಈ ಪರೀಕ್ಷೆಯನ್ನು ಕೈಬಿಟ್ಟರೆ, ಕೇತಕರರ ಜೀವನದ ಸಾರವನ್ನೇ ನಾವು ಮರೆತಂತಾಗುವುದು.

ಬಾಲಕ ಬಾಲಿಕೆಯರೇ, ಮುಂದಿನ ಸಂಕಷ್ಟಿಗೆ ಗಡಿಯಾರವನ್ನೂ ವಹಿಯನ್ನೂ ಹಿಡಿದು ಹೊರಗೆ ಬನ್ನಿರಿ. ಒಂದು ವರ್ಷ ಬರೆದಿಡಿರಿ. ಆ 14 ನಿಮಿಷಗಳನ್ನು ಕಳೆದ ಮೇಲೆಯೂ ಅಂತರವು ಉಳಿದರೆ ಅಳಿಸಬೇಡಿರಿ. ಅದರ ಕಾರಣವನ್ನು ನಾವೆಲ್ಲರೂ ಕೂಡಿ ಹುಡುಕೋಣ.