ರೋಜರ್ ವಿಲಿಯಮ್ಸನ ಚರಿತ್ರೆ

ಮನಸ್ಸಾಕ್ಷಿಯ ನಿಮಿತ್ತ ಊರನ್ನು ಕಳೆದುಕೊಂಡ ಒಬ್ಬ ಬೋಧಕನ ಚರಿತ್ರೆಯನ್ನು ಹೇಳುತ್ತೇವೆ.

ಇಂಗ್ಲೆಂಡಿನವನಾದ ರೋಜರ್ ವಿಲಿಯಮ್ಸನು 1631ರಲ್ಲಿ ಪತ್ನೀಸಮೇತನಾಗಿ ಅಮೇರಿಕದ ಮೆಸಚೂಸೆಟ್ಸ್ ಸೀಮೆಗೆ ಬಂದನು. ಅಲ್ಲಿಯ ಕ್ರೈಸ್ತರು ಸ್ವದೇಶದಲ್ಲಿ ಹಿಂಸೆಪಟ್ಟವರಾಗಿದ್ದರೂ, ತಮ್ಮ ಬೋಧನೆಗೆ ಒಪ್ಪದವರನ್ನು ತಾವೇ ದಂಡಿಸುತ್ತಿದ್ದರು. ಆರಾಧನೆಯ ವಿಷಯದಲ್ಲಿ ದಂಡಿಸಲು ಸರಕಾರಕ್ಕೆ ಅಧಿಕಾರವಿಲ್ಲವೆಂದೂ, ಅರಸನ ಪತ್ರಮಾತ್ರದಿಂದ ಮೂಲನಿವಾಸಿಗಳ ಭೂಮಿ ಪರರದಾಗದೆಂದೂ ಇವನು ಸಾರಿದನು. ಆದಕಾರಣ 1635ರಲ್ಲಿ ನ್ಯಾಯಸಭೆಯವರು ಅವನನ್ನು ಗಡೀಪಾರು ಮಾಡಿದರು.

ಮುಂದಿನ ಜನವರಿಯಲ್ಲಿ ಅವನು ಹಿಮದೊಳಗೆ ಹೊರಟುಹೋದನು. ಕ್ರೈಸ್ತರು ಹೊರದೂಡಿದವನಿಗೆ ಮೂಲನಿವಾಸಿಗಳು ಆಶ್ರಯಕೊಟ್ಟರು. ನರಗಾನ್ಸೆಟ್ ಜನರ ನಾಯಕರಿಂದ ಭೂಮಿಯನ್ನು ಪಡೆದು 1636ರಲ್ಲಿ ಅವನು ಪ್ರಾವಿಡೆನ್ಸ್ ಎಂಬ ಊರನ್ನು ಸ್ಥಾಪಿಸಿದನು. ಅಲ್ಲಿಯ ನಿವಾಸಿಗಳು ಹೆಚ್ಚು ಮಂದಿಯ ಸಮ್ಮತಿಯಂತೆ ನಡೆಯುವೆವೆಂದು ಒಡಂಬಟ್ಟರು. ಆದರೆ ಲೌಕಿಕ ಕಾರ್ಯಗಳಲ್ಲಿ ಮಾತ್ರ. ಅರಸನಿಗಿಲ್ಲದ ಅಧಿಕಾರವು ಆತ್ಮದ ಮೇಲೆ ಬಹುಮತಕ್ಕೂ ಇರಲಿಲ್ಲ.

ಮೆಸಚೂಸೆಟ್ಸಿನವರು 1659ರಿಂದ 1661ರ ವರೆಗೆ ನಾಲ್ವರು ಕ್ವೇಕರರನ್ನು ಗಲ್ಲಿಗೇರಿಸಿದರು. ವಿಲಿಯಮ್ಸನು ಅದೇ ಕ್ವೇಕರರ ಬೋಧನೆಯನ್ನು ತಪ್ಪೆಂದೆಣಿಸಿ, ತನ್ನ ಮುಪ್ಪಿನಲ್ಲಿ, 1672ರಲ್ಲಿ, ಅವರೊಡನೆ ಬಹಿರಂಗವಾಗಿ ವಾದಿಸಿದನು. ಆದರೂ ಅವನ ಸೀಮೆಯಲ್ಲಿ ಅವರಿಗೆ ವಾಸವೂ ಆರಾಧನೆಯೂ ತಪ್ಪಲಿಲ್ಲ. ಅವನು 1683ರಲ್ಲಿ ತೀರಿಕೊಂಡನು.

ಪ್ರಿಯರೇ, ನಾವು ಕೆಲವರಾಗಿರುವಲ್ಲಿ ಬೇಡುವ ನ್ಯಾಯವನ್ನು, ಹೆಚ್ಚು ಮಂದಿಯಾಗಿರುವಲ್ಲಿ ಇತರರಿಗೆ ಸಲ್ಲಿಸುತ್ತೇವೋ? ಇದನ್ನು ಶೋಧಿಸಿಕೊಳ್ಳೋಣ.