ರುಖ್ಮಾಬಾಯಿ ಗೆದ್ದರು, ಕಾನೂನು ಉಳಿಯಿತು

11ನೇ ವಯಸ್ಸಿನಲ್ಲಿ ಹಿರಿಯರು ಮಾಡಿಸಿದ ಮದುವೆಯನ್ನು ಬೆಳೆದು ದೊಡ್ಡವಳಾದ ಹೆಣ್ಣುಮಗಳು ಬೇಡ ಅನ್ನಬಹುದಾ? 1884ರಲ್ಲಿ ಬಾಂಬೆ ಹೈಕೋರ್ಟಿನ ಮುಂದೆ ಬಂದ ಪ್ರಶ್ನೆ ಇದು. ಬೇಡ ಅಂದವರು ರುಖ್ಮಾಬಾಯಿ.

1864ರಲ್ಲಿ ಹುಟ್ಟಿದ ಅವರು ಮದುವೆಯಾದ ಮೇಲೂ ತಾಯಿ ಮತ್ತು ಮಲತಂದೆ ಡಾ. ಸಖಾರಾಮ್ ಅರ್ಜುನ್ ಜೊತೆಗೇ ಇದ್ದು ಓದಿದರು. ಹೆಂಡತಿ ತನ್ನ ಮನೆಗೆ ಬರಲೇಬೇಕು ಅಂತ ಗಂಡ ದಾದಾಜಿ ಭಿಕಾಜಿ ಕೇಸು ಹಾಕಿದ. 1885ರಲ್ಲಿ ನ್ಯಾಯಮೂರ್ತಿ ಪಿನ್ಹೆ ಅದನ್ನು ತಳ್ಳಿಹಾಕಿದರು. ಇಂಥ ಬಲವಂತ ಇಂಗ್ಲೆಂಡಿನಿಂದ ಬಂದದ್ದು, ಹಿಂದೂ ಕಾನೂನಿನಲ್ಲಿ ಇದಕ್ಕೆ ಆಧಾರವಿಲ್ಲ ಅನ್ನೋದು ಅವರ ನಿಲುವು. ಮೇಲ್ಮನವಿಯಲ್ಲಿ ಆ ತೀರ್ಪು ಬಿದ್ದುಹೋಯ್ತು. 1887ರಲ್ಲಿ ನ್ಯಾಯಮೂರ್ತಿ ಫ್ಯಾರನ್ ಆದೇಶ ಕೊಟ್ಟರು: ಗಂಡನ ಮನೆಗೆ ಹೋಗಬೇಕು, ಇಲ್ಲವೇ ಆರು ತಿಂಗಳು ಜೈಲು. ರುಖ್ಮಾಬಾಯಿ ಜೈಲೇ ಆಗಲಿ ಅಂದರು.

ನನ್ನನ್ನು ಕಾಡೋದು ಆಗಿನ ಗದ್ದಲ. ಬ್ರಿಟಿಷರನ್ನು ಎದುರಿಸುತ್ತಿದ್ದ ತಿಲಕರು ತಮ್ಮ ಕೇಸರಿ ಪತ್ರಿಕೆಯಲ್ಲಿ ರುಖ್ಮಾಬಾಯಿಯನ್ನೇ ಟೀಕಿಸಿದರು. ಬ್ರಿಟಿಷರು ತಂದ ಕಾನೂನು ನೋಡನೋಡುತ್ತಲೇ ನಮ್ಮ ಸಂಪ್ರದಾಯದ ಕಾವಲುಗಾರ ಆಗಿಬಿಟ್ಟಿತ್ತು!

1888ರಲ್ಲಿ ದಾದಾಜಿ ಎರಡು ಸಾವಿರ ರೂಪಾಯಿ ಪಡೆದು ರಾಜಿಯಾದ. ಮರುವರ್ಷ ರುಖ್ಮಾಬಾಯಿ ಲಂಡನ್ನಿಗೆ ಹೋಗಿ ವೈದ್ಯಕೀಯ ಓದಿದರು. ವಾಪಸ್ ಬಂದು ಸೂರತ್, ರಾಜಕೋಟೆಗಳಲ್ಲಿ ದಶಕಗಳ ಕಾಲ ಹೆಂಗಸರಿಗೆ ಚಿಕಿತ್ಸೆ ಕೊಟ್ಟರು. ಅವರ ಕೇಸು ಎಬ್ಬಿಸಿದ ಚರ್ಚೆ 1891ರ ಸಮ್ಮತಿ ವಯಸ್ಸಿನ ಕಾಯ್ದೆಗೂ ದಾರಿ ಮಾಡಿತು. ವಯಸ್ಸು ಏರಿದ್ದು 10ರಿಂದ 12ಕ್ಕೆ, ಅಷ್ಟೇ.

ಕಥೆ ಇಲ್ಲಿಗೆ ಮುಗಿದಿದ್ದರೆ ಸುಖಾಂತ್ಯ ಅನ್ನಬಹುದಿತ್ತು. ರುಖ್ಮಾಬಾಯಿ ತೀರಿಕೊಂಡದ್ದು 1955ರ ಸೆಪ್ಟೆಂಬರ್‌ನಲ್ಲಿ. ಅದೇ ವರ್ಷ ಮೇ ತಿಂಗಳಲ್ಲಿ ಸ್ವತಂತ್ರ ಭಾರತ ಹಿಂದೂ ವಿವಾಹ ಕಾಯ್ದೆ ತಂದಿತ್ತು. ಅದು ಹೆಣ್ಣಿಗೆ ವಿಚ್ಛೇದನದ ಹಕ್ಕು ಕೊಟ್ಟಿತು, ನಿಜ. ಆದರೆ ಅದರ 9ನೇ ಸೆಕ್ಷನ್ ದಾಂಪತ್ಯ ಹಕ್ಕುಗಳ ಪುನಃಸ್ಥಾಪನೆ. ದಾದಾಜಿ ಕೋರ್ಟಿನಲ್ಲಿ ಕೇಳಿದ್ದು ಅದನ್ನೇ.

1983ರಲ್ಲಿ ಆಂಧ್ರಪ್ರದೇಶ ಹೈಕೋರ್ಟ್ ಆ ಸೆಕ್ಷನ್ ಅಸಾಂವಿಧಾನಿಕ ಅಂದಿತು. ಮರುವರ್ಷವೇ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಕಾಗದದಲ್ಲಿ ಅದು ಗಂಡು ಹೆಣ್ಣು ಇಬ್ಬರಿಗೂ ಒಂದೇ. ಜೈಲಿನ ಬೆದರಿಕೆಯೂ ಈಗಿಲ್ಲ. ಆದೇಶ ಪಾಲಿಸದಿದ್ದರೆ ಆಸ್ತಿ ಜಪ್ತಿ ಮಾಡಬಹುದು. ಆದರೆ ಬೇಡದ ಮನೆಗೆ ವಾಪಸ್ ಹೋಗು ಅಂದರೆ ಅದರ ಭಾರ ಹೆಚ್ಚಾಗಿ ಯಾರ ಮೇಲೆ ಬೀಳುತ್ತೆ ಅಂತ ನಮಗೆಲ್ಲ ಗೊತ್ತು.

ಸಮಾನತೆ ತಾನಾಗೇ ಮುಂದೆ ಸಾಗುತ್ತೆ ಅಂತ ನಾನೂ ನಂಬಿದ್ದೆ. ರುಖ್ಮಾಬಾಯಿ ಬದುಕು ಓದಿದ ಮೇಲೆ ಆ ನಂಬಿಕೆ ಉಳಿದಿಲ್ಲ. ಒಬ್ಬ ಹೆಣ್ಣುಮಗಳು ತನ್ನ ಬಿಡುಗಡೆ ಗಿಟ್ಟಿಸಿಕೊಂಡರು. ಕಾನೂನನ್ನು ಬದಲಿಸೋ ಕೆಲಸ ನಮ್ಮ ಪಾಲಿಗೆ ಬಾಕಿ ಇದೆ.